ಮಣಿಕಟ್ಟಿಗೆ ಚುಚ್ಚುವ ಸೂಜಿಯ ಕಥೆ

ರಕ್ತ ಪರೀಕ್ಷೆ ಅಂದ್ರೆ ನಮ್ಮ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ತೋಳಿಗೆ ರಬ್ಬರ್ ಪಟ್ಟಿ, ‘ಮುಷ್ಟಿ ಬಿಗಿ ಹಿಡ್ಕೊಳ್ಳಿ’ ಅನ್ನೋ ಲ್ಯಾಬಿನವರ ಮಾತು, ಮೊಣಕೈ ಒಳಮಡಿಕೆಯಲ್ಲಿ ಉಬ್ಬಿ ನಿಂತ ನೀಲಿ ನರ. ಊರ ಕಡೆ ನಾವು ಅದನ್ನು ನರ ಅಂತಲೇ ಕರೆಯೋದು. ಹೈಸ್ಕೂಲ್ ಪುಸ್ತಕದ ಪ್ರಕಾರ ಅದು ಅಭಿಧಮನಿ, ಅಂದರೆ ಮೈಯೆಲ್ಲ ಸುತ್ತಿ ಕೆಲಸ ಮುಗಿಸಿದ ರಕ್ತ ಹೃದಯಕ್ಕೆ ವಾಪಸ್ ಹೋಗುವ ದಾರಿ. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಎಲ್ಲಕ್ಕೂ ಈ ರಕ್ತ ಸಾಕು.

ಆದರೆ ಉಸಿರಾಟ ಕೆಟ್ಟು ಆಸ್ಪತ್ರೆ ಸೇರಿದವರಿಗೆ ಇನ್ನೊಂದು ಪರೀಕ್ಷೆ ಮಾಡ್ತಾರೆ. ಎಬಿಜಿ ಅಂತ ಚಿಕ್ಕದಾಗಿ ಕರೀತಾರೆ. ಅಪಧಮನಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ, ರಕ್ತ ಎಷ್ಟು ಹುಳಿಯಾಗಿದೆ ಅನ್ನೋದನ್ನು ಹೇಳುವ ಪರೀಕ್ಷೆ ಅದು. ಶ್ವಾಸಕೋಶ ತನ್ನ ಕೆಲಸ ಸರಿಯಾಗಿ ಮಾಡ್ತಿದೆಯಾ ಅಂತ ತಿಳಿಯಬೇಕಾದರೆ ಅಲ್ಲಿಂದ ಆಗಷ್ಟೇ ಹೊರಟ ರಕ್ತವನ್ನೇ ನೋಡಬೇಕು. ಕೆರೆಗೆ ಬರುವ ನೀರು ಹೇಗಿದೆ ಅಂತ ತಿಳಿಯೋಕೆ ಕೋಡಿ ಬಿದ್ದು ಗದ್ದೆಯೆಲ್ಲ ಸುತ್ತಿ ಬಂದ ನೀರನ್ನು ನೋಡಿದರೆ ಆಗುತ್ತಾ? ಹಾಗೇ ಇದು.

ಆ ರಕ್ತ ಸುಲಭಕ್ಕೆ ಸಿಗುವುದು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ. ನಮ್ಮ ಪಂಡಿತರು ಮೂರು ಬೆರಳಿಟ್ಟು ನಾಡಿ ನೋಡುತ್ತಿದ್ದದ್ದೂ ಇದೇ ರಕ್ತನಾಳದ ಮೇಲೆ. ಬೆರಳಿಡೋದು ಬೇರೆ, ಸೂಜಿ ಚುಚ್ಚೋದು ಬೇರೆ. ಅಪಧಮನಿ ಕಣ್ಣಿಗೆ ಕಾಣೋದಿಲ್ಲ, ಮಿಡಿತವನ್ನು ಬೆರಳಿಂದಲೇ ಹುಡುಕಬೇಕು. ಅದರ ಗೋಡೆ ದಪ್ಪ, ಒಳಗೆ ಒತ್ತಡ ಜಾಸ್ತಿ, ಚುಚ್ಚಿದರೆ ನೋವೂ ಜಾಸ್ತಿ. ಸರಿಯಾಗಿ ಒತ್ತಿ ಹಿಡಿಯದಿದ್ದರೆ ಚರ್ಮದ ಕೆಳಗೆ ರಕ್ತ ಸೋರಿ ಗಡ್ಡೆ ಕಟ್ಟುತ್ತೆ.

ಈ ಸೂಜಿಯ ಚರಿತ್ರೆ ಓದುತ್ತಾ ಹೋದ ಹಾಗೆ ನನಗೆ ಕಂಡದ್ದು ಒಂದು ವಿಷಯ. ಇಲ್ಲಿ ಕಾಪಾಡಬೇಕಾದದ್ದು ಮೂರು: ಚುಚ್ಚಿಸಿಕೊಳ್ಳುವ ರೋಗಿಯ ಕೈ, ತೆಗೆದ ರಕ್ತ, ಚುಚ್ಚುವವರ ಕೈ. ವೈದ್ಯಲೋಕಕ್ಕೆ ಮೊದಲ ಎರಡು ನೆನಪಾಗಿ ಎಷ್ಟೋ ವರ್ಷಗಳಾದ ಮೇಲೆ ಮೂರನೆಯದು ನೆನಪಾಯಿತು.

ಶುರು ಮಾಡೋಣ. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಮೈಯೊಳಗೆ ಸುತ್ತುತ್ತೆ ಅಂತ ಪುಸ್ತಕ ಬರೆದ. ಆದರೆ ಅಪಧಮನಿಯೊಳಗೆ ಎಷ್ಟು ಒತ್ತಡ ಇದೆ ಅನ್ನೋದನ್ನು ಮೊದಲು ಅಳೆದು ತೋರಿಸಿದ್ದು ಡಾಕ್ಟರಲ್ಲ, ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಒಬ್ಬ ಪಾದ್ರಿ. ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ಅದರ ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ಸೇರಿಸಿ, ಅದಕ್ಕೆ ಉದ್ದದ ಗಾಜಿನ ನಳಿಗೆ ಜೋಡಿಸಿದ. ರಕ್ತ 8 ಅಡಿ 3 ಅಂಗುಲ ಮೇಲೇರಿತು. 1733ರಲ್ಲಿ ಅವನು ಇದನ್ನು ಪ್ರಕಟಿಸಿದ. ಎಂಟಡಿ ಅಂದ್ರೆ ನಮ್ಮ ಹಳೇ ಮನೆಯ ಜಂತೆ ಮುಟ್ಟುವಷ್ಟು ಎತ್ತರ. ಅಪಧಮನಿಗೆ ತೂತು ಮಾಡೋದು ಅಂದ್ರೆ ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಎಚ್ಚರಿಕೆ ಬೇಕಿರಲಿಲ್ಲ. ಮನುಷ್ಯರ ಅಪಧಮನಿಯ ತಂಟೆಗೆ ವೈದ್ಯರು ಬಹಳ ಕಾಲ ಹೋಗದೇ ಇದ್ದದ್ದರಲ್ಲಿ ಆಶ್ಚರ್ಯವೇನಿಲ್ಲ.

1912ರಲ್ಲಿ ಜರ್ಮನಿಯ ಹ್ಯೂರ್ಟರ್ ಎಂಬ ವೈದ್ಯ ರೋಗಿಗಳ ಮಣಿಕಟ್ಟಿನ ಅಪಧಮನಿಗೆ ಸೂಜಿ ಚುಚ್ಚಿ ರಕ್ತ ತೆಗೆದು ಪರೀಕ್ಷಿಸಿದ ವರದಿ ಪ್ರಕಟಿಸಿದ. ಕೊಯ್ಯೋದು ಬೇಡ, ಸೂಜಿಯೇ ಸಾಕು ಅನ್ನೋದು ಗೊತ್ತಾಯಿತು. ಅದು ನಿಜಕ್ಕೂ ಉಪಯೋಗಕ್ಕೆ ಬಂದದ್ದು 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ. ನಮ್ಮ ದೇಶವೊಂದರಲ್ಲೇ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಪಿಡುಗು ಅದು. ನ್ಯುಮೋನಿಯಾಕ್ಕೆ ತಿರುಗಿದವರ ತುಟಿ, ಉಗುರು, ಕಿವಿ ನೀಲಿಗಟ್ಟುತ್ತಿದ್ದವು. ಯಾಕೆ ನೀಲಿ? ರಕ್ತದ ಓಟ ನಿಧಾನವಾಗಿಯಾ, ರಕ್ತವೇ ಕೆಟ್ಟಿದೆಯಾ, ಇಲ್ಲಾ ಶ್ವಾಸಕೋಶದಲ್ಲಿ ಆಮ್ಲಜನಕ ಸೇರುತ್ತಿಲ್ಲವಾ? ಆಗ ಇದಕ್ಕೆ ಒಮ್ಮತದ ಉತ್ತರ ಇರಲಿಲ್ಲ.

ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ಪತ್ರೆಯಲ್ಲಿದ್ದ ವಿಲಿಯಂ ಸ್ಟೇಡಿ ನ್ಯುಮೋನಿಯಾ ರೋಗಿಗಳ ಮಣಿಕಟ್ಟಿನಿಂದ ಅಪಧಮನಿ ರಕ್ತ, ತೋಳಿನಿಂದ ಅಭಿಧಮನಿ ರಕ್ತ ಎರಡನ್ನೂ ತೆಗೆದು ಹೋಲಿಸಿದ. 1919ರಲ್ಲಿ ಬಂದ ಅವನ ಲೇಖನ ವಿಷಯ ಇತ್ಯರ್ಥ ಮಾಡಿತು. ಅಪಧಮನಿ ರಕ್ತಕ್ಕೇ ಆಮ್ಲಜನಕ ಪೂರ್ತಿ ಸೇರುತ್ತಿರಲಿಲ್ಲ, ಅದು ಕಮ್ಮಿಯಾದಷ್ಟೂ ನೀಲಿ ಹೆಚ್ಚು. ಅಂದರೆ ಕೊರತೆ ಇದ್ದದ್ದು ಶ್ವಾಸಕೋಶದಲ್ಲಿ. ಹಾಗಾದರೆ ರೋಗಿಗೆ ಆಮ್ಲಜನಕ ಕೊಡೋದು ಬರೀ ಸಮಾಧಾನಕ್ಕಲ್ಲ, ಅದು ಚಿಕಿತ್ಸೆ. ಮಣಿಕಟ್ಟಿಗೆ ಚುಚ್ಚಿದ ಸೂಜಿ ಇಲ್ಲದೆ ಈ ಮಾತನ್ನು ಅಂಕಿಯಲ್ಲಿ ಹೇಳೋಕೆ ಆಗುತ್ತಿರಲಿಲ್ಲ.

ಮಾರನೇ ವರ್ಷ, 1920ರಲ್ಲಿ, ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ತನ್ನ ಕೈಯನ್ನೇ ಒಡ್ಡಿದ. ಶ್ವಾಸಕೋಶ ಆಮ್ಲಜನಕವನ್ನು ಗ್ರಂಥಿಯ ಹಾಗೆ ತಾನೇ ರಕ್ತದೊಳಕ್ಕೆ ತಳ್ಳುತ್ತೆ ಅನ್ನೋದು ಜೆ. ಎಸ್. ಹಾಲ್ಡೇನ್ ಮುಂತಾದವರ ವಾದ. ಹಾಗೇನಿಲ್ಲ, ಹೆಚ್ಚಿರುವ ಕಡೆಯಿಂದ ಕಮ್ಮಿ ಇರುವ ಕಡೆಗೆ ತಾನಾಗಿ ಹರಿಯುತ್ತೆ ಅನ್ನೋದು ಕೋಪನ್‌ಹೇಗನ್‌ನ ಕ್ರೋಗ್ ದಂಪತಿಗಳ ವಾದ. ಬಾರ್‌ಕ್ರಾಫ್ಟ್ ಗಾಜಿನ ಕೋಣೆಯೊಂದರಲ್ಲಿ ಆರು ದಿನ ಕೂತ. ಒಳಗಿನ ಆಮ್ಲಜನಕವನ್ನು ಎತ್ತರದ ಬೆಟ್ಟದ ಮೇಲಿನಷ್ಟು ಇಳಿಸಿದರು. ಕೊನೆಗೆ ಅವನ ಎಡಗೈ ಮಣಿಕಟ್ಟಿನ ಅಪಧಮನಿಯನ್ನು ಕೊಯ್ದು ತೆರೆದು ರಕ್ತ ತೆಗೆದರು. ರಕ್ತ ಕಪ್ಪಗಿತ್ತು. ಗಾಳಿಯಲ್ಲಿ ಆಮ್ಲಜನಕ ಕಮ್ಮಿಯಾದಾಗ ರಕ್ತದಲ್ಲೂ ಕಮ್ಮಿಯಾಗಿತ್ತು, ಶ್ವಾಸಕೋಶ ಹೆಚ್ಚುವರಿಯಾಗಿ ಏನನ್ನೂ ತಳ್ಳಿರಲಿಲ್ಲ. ಬಾರ್‌ಕ್ರಾಫ್ಟ್ ಒಪ್ಪಿಕೊಂಡೇ ಕೈ ಕೊಟ್ಟವನು. ಆಸ್ಪತ್ರೆಗೆ ಬಂದ ರೋಗಿಗೆ ಹಾಗೆ ಮಾಡೋಕಾಗುತ್ತಾ? ಆದ್ದರಿಂದ ಸೂಜಿಯ ದಾರಿಯನ್ನೇ ಸುರಕ್ಷಿತ ಮಾಡಬೇಕಿತ್ತು.

ಅಲ್ಲಿ ಕಾಪಾಡಬೇಕಾದ ಮೊದಲನೆಯದು ರೋಗಿಯ ಕೈ. ನಮ್ಮ ಅಂಗೈಗೆ ರಕ್ತ ತರುವ ದೊಡ್ಡ ದಾರಿ ಎರಡು: ಹೆಬ್ಬೆರಳ ಕಡೆಯದು ರೇಡಿಯಲ್, ಕಿರುಬೆರಳ ಕಡೆಯದು ಅಲ್ನರ್. ಎರಡೂ ಅಂಗೈಯಲ್ಲಿ ಕಮಾನಿನ ಹಾಗೆ ಕೂಡಿಕೊಳ್ಳುತ್ತವೆ. ಒಂದು ಮುಚ್ಚಿದರೂ ಇನ್ನೊಂದು ಅಂಗೈಯನ್ನು ಸಾಕುತ್ತೆ. ರೇಡಿಯಲ್ ಅಪಧಮನಿಗೆ ಚುಚ್ಚುವ ಧೈರ್ಯ ಬಂದದ್ದೇ ಇದರಿಂದ. ಆದರೆ ಕೆಲವರಲ್ಲಿ ಆ ಇನ್ನೊಂದು ದಾರಿ ಕಿರಿದಾಗಿರುತ್ತೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಎಡ್ಗರ್ ಅಲೆನ್ 1929ರಲ್ಲಿ ಒಂದು ಸರಳ ಪರೀಕ್ಷೆ ವಿವರಿಸಿದ. ಅವನು ಮಾಡಿದ್ದು ರಕ್ತನಾಳಗಳು ಕಟ್ಟಿಕೊಳ್ಳುವ ಒಂದು ಕಾಯಿಲೆ ಪತ್ತೆ ಹಚ್ಚೋಕೆ, ಸೂಜಿಗೋಸ್ಕರ ಅಲ್ಲ. 1952ರಲ್ಲಿ ಇರ್ವಿಂಗ್ ರೈಟ್ ಅದನ್ನು ತಿದ್ದಿ ಈಗಿರುವ ರೂಪಕ್ಕೆ ತಂದ.

ನೀವೇ ಮಾಡಿ ನೋಡಬಹುದು. ಮುಷ್ಟಿ ಬಿಗಿ ಹಿಡಿಯಿರಿ. ಮಣಿಕಟ್ಟಿನ ಎರಡೂ ಬದಿ ಒತ್ತಿ ಹಿಡಿಯೋಕೆ ಇನ್ನೊಬ್ಬರಿಗೆ ಹೇಳಿ. ಮುಷ್ಟಿ ಬಿಚ್ಚಿ, ಅಂಗೈ ಬಿಳಿಚಿಕೊಂಡಿರುತ್ತೆ. ಈಗ ಕಿರುಬೆರಳ ಕಡೆಯ ಒತ್ತು ಮಾತ್ರ ಬಿಡಲಿ. ಕೆಲವೇ ಸೆಕೆಂಡಿನಲ್ಲಿ ಅಂಗೈ ಮತ್ತೆ ಕೆಂಪಾದರೆ ಎರಡನೇ ದಾರಿ ಚೆನ್ನಾಗಿದೆ ಅಂತ ಅರ್ಥ. ದುಡ್ಡಿಲ್ಲ, ಯಂತ್ರ ಇಲ್ಲ, ಅರ್ಧ ನಿಮಿಷದ ಕೆಲಸ.

ಈ ಪರೀಕ್ಷೆಯನ್ನು ಎಷ್ಟು ನಂಬಬಹುದು ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. ಹೃದಯ ಮತ್ತು ರಕ್ತನಾಳಗಳ ಶಸ್ತ್ರಚಿಕಿತ್ಸೆಗೆ ಬಂದ 1,699 ರೋಗಿಗಳ ರೇಡಿಯಲ್ ಅಪಧಮನಿಯಲ್ಲಿ ಕೊಳವೆ ಇಟ್ಟು ಗಮನಿಸಿದ ಅಧ್ಯಯನವೊಂದು 1983ರಲ್ಲಿ ಬಂತು. ಕೊಳವೆ ತೆಗೆದ ಮೇಲೆ ಎಷ್ಟೋ ಜನರ ರಕ್ತನಾಳ ಸ್ವಲ್ಪ ದಿನ ಕಟ್ಟಿಕೊಂಡಿತ್ತು, ಆದರೆ ರಕ್ತವಿಲ್ಲದೆ ಕೈ ಕೆಟ್ಟವರು ಒಬ್ಬರೂ ಇರಲಿಲ್ಲ. ಆಮೇಲೆ ಅಲೆನ್ ಪರೀಕ್ಷೆ ಬೇಕಾ ಬೇಡವಾ ಅಂತ ವಾದಗಳಾದವು. ಆದರೂ ಎಷ್ಟೋ ಕಡೆ ಅದನ್ನು ಬಿಟ್ಟಿಲ್ಲ. ನನಗನ್ನಿಸೋದು, ಆ ಅರ್ಧ ನಿಮಿಷದಲ್ಲಿ ಚುಚ್ಚುವವರು ರೋಗಿಯ ಕೈಯನ್ನು ಕೈಯಲ್ಲಿ ಹಿಡಿದು ಸಾವಧಾನವಾಗಿ ನೋಡ್ತಾರಲ್ಲ, ಅದೇ ಒಂದು ಲಾಭ.

ಮಣಿಕಟ್ಟಿನಲ್ಲಿ ಆಗದಿದ್ದರೆ ಮೊಣಕೈ ಹತ್ತಿರ ಅಥವಾ ತೊಡೆಸಂದಿನಲ್ಲಿ ಚುಚ್ಚಬಹುದು. ಆದರೆ ಮೊಣಕೈಯಲ್ಲಿ ಅಪಧಮನಿಯ ಪಕ್ಕದಲ್ಲೇ ನಿಜವಾದ ನರ, ಅಂದರೆ ಸಂವೇದನೆ ಒಯ್ಯುವ ನರ ಇದೆ. ತೊಡೆಸಂದಿನಲ್ಲಿ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರಿದರೆ ಹೊರಗೆ ಕಾಣೋದೇ ಇಲ್ಲ. ಹೀಗಾಗಿ ಮೊದಲ ಆಯ್ಕೆ ಮಣಿಕಟ್ಟೇ ಆಯಿತು.

ಇನ್ನು ಎರಡನೆಯದು, ತೆಗೆದ ರಕ್ತ. ಇದರ ಬೆಲೆ ಎಲ್ಲರಿಗೂ ಗೊತ್ತಾದದ್ದು 1952ರ ಕೋಪನ್‌ಹೇಗನ್‌ನಲ್ಲಿ. ಆ ವರ್ಷ ಅಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಬ್ಲೆಗ್‌ಡಮ್ ಆಸ್ಪತ್ರೆಗೆ ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಬರತೊಡಗಿದರು. ಆಸ್ಪತ್ರೆಯಲ್ಲಿ ಇದ್ದದ್ದು ಕಬ್ಬಿಣದ ಶ್ವಾಸಕೋಶ ಅಂತ ಕರೆಯುವ ದೊಡ್ಡ ಯಂತ್ರ ಒಂದು, ಎದೆಗೆ ಕಟ್ಟುವ ಚಿಕ್ಕವು ಆರು. ಅಂಥ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು.

ಲ್ಯಾಬಿನ ವರದಿಯಲ್ಲಿ ಅವರ ರಕ್ತದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದೆ ಅಂತ ಬರುತ್ತಿತ್ತು. ಈ ಅಂಕಿಯನ್ನು ಎರಡು ಥರ ಓದಬಹುದು. ರಕ್ತದಲ್ಲಿ ಕ್ಷಾರ ಹೆಚ್ಚಾಗಿದ್ದರೂ ಹಾಗೆ ಬರುತ್ತೆ, ಉಸಿರು ಸಾಲದೆ ಗಾಳಿ ಒಳಗೇ ಉಳಿದು ರಕ್ತ ಹುಳಿಯಾಗಿದ್ದರೂ ಹಾಗೇ ಬರುತ್ತೆ. ಅಲ್ಲಿನ ವೈದ್ಯರು ಕ್ಷಾರ ಅಂತ ಓದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಬಂದವನು ಬೇರೆ ಮಾತು ಹೇಳಿದ: ಈ ಮಕ್ಕಳಿಗೆ ಉಸಿರೇ ಸಾಲುತ್ತಿಲ್ಲ. ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ತೂತು ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಡಿಸಿದ. ಸಾಯುವ ಸ್ಥಿತಿಯಲ್ಲಿದ್ದ ಹುಡುಗಿ ಚೇತರಿಸಿಕೊಂಡಳು. ಮುಂದೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಒಟ್ಟು 1,65,000 ಗಂಟೆ ಆ ಚೀಲಗಳನ್ನು ಒತ್ತಿದರು. ನೂರಕ್ಕೆ ಎಂಬತ್ತನ್ನು ದಾಟಿದ್ದ ಸಾವು ನೂರಕ್ಕೆ ಇಪ್ಪತ್ತೈದರ ಆಸುಪಾಸಿಗೆ ಇಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲೇ ಅಂತ ಹೇಳ್ತಾರೆ.

ಆದರೆ ಚೀಲ ಎಷ್ಟು ಜೋರಾಗಿ ಒತ್ತಬೇಕು? ಕಮ್ಮಿ ಒತ್ತಿದರೂ ಅಪಾಯ, ಜಾಸ್ತಿ ಒತ್ತಿದರೂ ಅಪಾಯ. ಅದನ್ನು ಹೇಳೋಕೆ ರಕ್ತವನ್ನೇ ಮತ್ತೆ ಮತ್ತೆ ಕೇಳಬೇಕಿತ್ತು. ಆ ಆಸ್ಪತ್ರೆಯ ಲ್ಯಾಬ್ ಮುಖ್ಯಸ್ಥ ಪೌಲ್ ಆಸ್ಟ್ರಪ್ ರಕ್ತದ ಪಿಎಚ್ ಅಳೆದು ಲೆಕ್ಕ ಹಾಕುವ ದಾರಿ ಹುಡುಕಿದ. ಅಲ್ಲಿಂದ ಮುಂದೆ ಯಂತ್ರಗಳು ಬೇಗ ಬೇಗ ಬಂದವು. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್ ಮಾಡಿ 1956ರಲ್ಲಿ ಪ್ರಕಟಿಸಿದ. ರಿಚರ್ಡ್ ಸ್ಟೋ ಯೋಚಿಸಿದ್ದ ಇಂಗಾಲದ ಡೈಆಕ್ಸೈಡ್ ಎಲೆಕ್ಟ್ರೋಡನ್ನು ಜಾನ್ ಸೆವರಿಂಗ್‌ಹಾಸ್ ಕೆಲಸಕ್ಕೆ ಬರುವ ಹಾಗೆ ಮಾಡಿ, 1958ರ ಹೊತ್ತಿಗೆ ಮೂರನ್ನೂ ಒಂದೇ ಉಪಕರಣದಲ್ಲಿ ಜೋಡಿಸಿದ. 1973ರಲ್ಲಿ ಡೆನ್ಮಾರ್ಕಿನ ರೇಡಿಯೋಮೀಟರ್ ಕಂಪನಿ ತಾನೇ ಎಲ್ಲ ಮಾಡಿ ಮುಗಿಸುವ ಯಂತ್ರ ತಂದಿತು. ಅದಕ್ಕೂ ಮೊದಲು ಪಾದರಸ ತುಂಬಿದ ಗಾಜಿನ ಉಪಕರಣ ಅಲ್ಲಾಡಿಸುತ್ತಾ ನುರಿತವರು ಕಷ್ಟಪಟ್ಟು ಮಾಡುತ್ತಿದ್ದ ಕೆಲಸ ಈಗ ಕೆಲವೇ ನಿಮಿಷದ್ದು.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇಲ್ಲಿಂದ ಮುಂದಿನ ಭಾಗ ತೀರಾ ಪರಿಚಿತ. ಎಷ್ಟೇ ಒಳ್ಳೆ ಪ್ರೋಗ್ರಾಂ ಬರೆದರೂ ಒಳಗೆ ಹೋಗುವ ಡೇಟಾ ಕೆಟ್ಟಿದ್ದರೆ ಹೊರಗೆ ಬರೋದೂ ಕೆಟ್ಟದ್ದೇ. ಅದಕ್ಕಿಂತ ಅಪಾಯ ಅಂದ್ರೆ, ಹೊರಗೆ ಬಂದ ತಪ್ಪು ಉತ್ತರ ನೋಡೋಕೆ ಸರಿಯಾದ ಉತ್ತರದ ಹಾಗೇ ಇರುತ್ತೆ. ಯಂತ್ರ ಎರಡು ದಶಮಾಂಶದವರೆಗೆ ಅಂಕಿ ಮುದ್ರಿಸಿ ಕೊಟ್ಟರೆ ಯಾರು ಅನುಮಾನ ಪಡ್ತಾರೆ?

ಮೊದಲನೇ ಕಳ್ಳ ಗಾಳಿಗುಳ್ಳೆ. ಸಿರಿಂಜಿನೊಳಗೆ ಗುಳ್ಳೆ ಉಳಿದರೆ ಅದರ ಆಮ್ಲಜನಕ ರಕ್ತಕ್ಕೆ ಸೇರುತ್ತೆ, ರಕ್ತದ ಇಂಗಾಲದ ಡೈಆಕ್ಸೈಡ್ ಗುಳ್ಳೆಗೆ ಸೇರುತ್ತೆ. ಗಾಳಿಯಲ್ಲಿ ಆಮ್ಲಜನಕದ ಒತ್ತಡ ಪಾದರಸದ 150 ಮಿಲಿಮೀಟರ್ ಆಸುಪಾಸು, ಆರೋಗ್ಯವಂತರ ಅಪಧಮನಿಯಲ್ಲಿ 80ರಿಂದ 100. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ 35ರಿಂದ 45, ಗಾಳಿಯಲ್ಲಿ ಹೆಚ್ಚು ಕಮ್ಮಿ ಸೊನ್ನೆ. ಉಸಿರು ಕಟ್ಟುತ್ತಿರುವ ರೋಗಿಯ ರಕ್ತಕ್ಕೆ ಗುಳ್ಳೆ ಸೇರಿದರೆ ವರದಿಯಲ್ಲಿ ಅವರು ಚೆನ್ನಾಗಿರುವ ಹಾಗೆ ಕಾಣ್ತಾರೆ.

ಎರಡನೇದು ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್. 1916ರಲ್ಲಿ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿಯ ಕೆಲಸದಿಂದ ಶುರುವಾದ ಇದು 1930ರ ದಶಕದಲ್ಲಿ ಟೊರಾಂಟೊದಲ್ಲಿ ಶುದ್ಧರೂಪಕ್ಕೆ ಬಂತು. ಹೆಪಾರಿನ್ ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟಿ ಯಂತ್ರದ ಕೊಳವೆಯೇ ಕಟ್ಟಿಕೊಳ್ಳುತ್ತೆ. ಆದರೆ ದ್ರವ ಹೆಪಾರಿನ್ ಸಿರಿಂಜಿನಲ್ಲಿ ಜಾಸ್ತಿ ಉಳಿದರೆ ಹಾಲಿಗೆ ನೀರು ಬೆರೆಸಿದ ಹಾಗೆ. ಇಂಗಾಲದ ಡೈಆಕ್ಸೈಡ್ ಅಂಕಿ ಇಳಿಯುತ್ತೆ, ಕ್ಯಾಲ್ಸಿಯಂ ಅಂಕಿಯೂ ಇಳಿಯುತ್ತೆ. ಅದಕ್ಕೇ ಮುಂದೆ ಒಣ ಹೆಪಾರಿನ್ ಮೊದಲೇ ಹಾಕಿದ ಸಿರಿಂಜುಗಳು ಬಂದವು. ರಕ್ತ ತೆಗೆದ ಕೂಡಲೇ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬೆರೆಸಬೇಕು, ಜೋರಾಗಿ ಕುಲುಕಬಾರದು.

ಮೂರನೇದು ಸಮಯ. ಹೊರಗೆ ಬಂದ ರಕ್ತ ಸುಮ್ಮನೆ ಕೂತಿರೋದಿಲ್ಲ. ಅದರ ಕಣಗಳು ಆಮ್ಲಜನಕ ತಿನ್ನುತ್ತಲೇ ಇರುತ್ತವೆ. ಗಾಜಿನ ಸಿರಿಂಜಿನ ಕಾಲದಲ್ಲಿ ಮಂಜುಗಡ್ಡೆಯಲ್ಲಿಟ್ಟು ಒಯ್ಯುತ್ತಿದ್ದರು. ಬಿಸಾಡುವ ಪ್ಲಾಸ್ಟಿಕ್ ಸಿರಿಂಜು ಬಂದ ಮೇಲೆ ಹೊಸ ಸಮಸ್ಯೆ. ಗಾಜಿನ ಥರ ಅಲ್ಲ, ಪ್ಲಾಸ್ಟಿಕ್ಕಿನ ಮೂಲಕ ಆಮ್ಲಜನಕ ಸ್ವಲ್ಪ ಸ್ವಲ್ಪವಾಗಿ ದಾಟುತ್ತೆ, ಮಂಜಿನಲ್ಲಿಟ್ಟರೆ ಅಂಕಿ ಇನ್ನಷ್ಟು ಕೆಡುತ್ತೆ. ಹಾಗಾಗಿ ಈಗಿನ ರೂಢಿ, ಪ್ಲಾಸ್ಟಿಕ್ ಸಿರಿಂಜಾದರೆ ಮಂಜು ಬೇಡ, ಕೋಣೆಯ ತಾಪದಲ್ಲೇ ಇಡಿ, ಅರ್ಧ ಗಂಟೆಯೊಳಗೆ ಯಂತ್ರಕ್ಕೆ ಕೊಡಿ. ಹಳೇ ನಿಯಮ ತಪ್ಪಾಗಿರಲಿಲ್ಲ, ಪಾತ್ರೆ ಬದಲಾಗಿತ್ತು ಅಷ್ಟೇ.

ಇದೆಲ್ಲ ಪುಸ್ತಕದ ಮಾತಾಯಿತು. ಕಣ್ಣಾರೆ ನೋಡಿದ್ದು ನಮ್ಮ ದೊಡ್ಡಪ್ಪನ ವಿಷಯದಲ್ಲಿ. ನಲವತ್ತು ವರ್ಷ ಬೀಡಿ ಸೇದಿದ ಎದೆ ಅವರದು. ಒಂದು ರಾತ್ರಿ ಉಬ್ಬಸ ಜಾಸ್ತಿಯಾಗಿ ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದಕ್ಕೆ ಕರ್ಕೊಂಡು ಹೋಗಿದ್ವಿ. ಆಮ್ಲಜನಕ ಹಾಕಿದ್ರು. ಬೆರಳಿನ ಆಕ್ಸಿಮೀಟರ್ 92 ತೋರಿಸ್ತಿತ್ತು. ‘ಆರಾಮಾಗಿ ನಿದ್ದೆ ಬಂತು ನೋಡು’ ಅಂದ್ರು ದೊಡ್ಡಮ್ಮ. ಪಾಳಿಯಲ್ಲಿದ್ದ ಹೌಸ್ ಸರ್ಜನ್ ಹುಡುಗಿಗೆ ಆ ನಿದ್ದೆ ಇಷ್ಟವಾಗಲಿಲ್ಲ. ಭುಜ ಹಿಡಿದು ಅಲ್ಲಾಡಿಸಿ, ‘ಅಜ್ಜ, ಅಜ್ಜ, ಕಣ್ಣು ಬಿಡಿ, ನಿಮ್ಮ ಹೆಸರೇನು?’ ಅಂತ ಕೇಳಿದ್ರು. ದೊಡ್ಡಪ್ಪ ಏನೋ ಗೊಣಗಿದರು. ಅವರು ಮಣಿಕಟ್ಟಿನ ಕೆಳಗೆ ಮಡಿಸಿದ ಟವಲ್ ಇಟ್ಟು, ಎರಡು ಬೆರಳಿಂದ ಮಿಡಿತ ಹುಡುಕಿ, ಒಂದೇ ಸಲಕ್ಕೆ ಚುಚ್ಚಿದ್ರು. ಸಿರಿಂಜಿನ ದಂಟು ತಾನಾಗೇ ಹಿಂದಕ್ಕೆ ಸರಿಯಿತು. ಹೇಲ್ಸ್ ಪಾದ್ರಿ ಕುದುರೆಯಲ್ಲಿ ನೋಡಿದ್ದ ಒತ್ತಡವೇ ಅದು. ಸೂಜಿ ತೆಗೆದು, ಹತ್ತಿ ಇಟ್ಟು ನನಗೆ ಹೇಳಿದ್ರು: ‘ಅಣ್ಣ, ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ, ನಡುವೆ ಎತ್ತಿ ನೋಡಬೇಡಿ.’ ಗುಳ್ಳೆ ಹೊರಗೆ ತಳ್ಳಿ, ಸಿರಿಂಜಿಗೆ ಮುಚ್ಚಳ ಹಾಕಿ, ಲಿಫ್ಟಿಗೆ ಕಾಯದೆ ಮೆಟ್ಟಿಲಲ್ಲೇ ಓಡಿದ್ರು.

ಚೀಟಿ ಬಂದಾಗ ಇಂಗಾಲದ ಡೈಆಕ್ಸೈಡ್ ಇರಬೇಕಾದ್ದಕ್ಕಿಂತ ಎರಡರಷ್ಟಿತ್ತು. ನಿದ್ದೆಯಲ್ಲ ಅದು, ಒಳಗೆ ಉಳಿದ ಗಾಳಿಯ ಅಮಲು. ಮೂಗು ಬಾಯಿ ಮುಚ್ಚುವ ಮಾಸ್ಕಿನ ಯಂತ್ರ ಹಾಕಿದ ಮೇಲೆ ಬೆಳಗಿನ ಜಾವ ದೊಡ್ಡಪ್ಪ ಕಣ್ಣು ಬಿಟ್ಟು ಕಾಫಿ ಕೇಳಿದ್ರು. ಕೋಪನ್‌ಹೇಗನ್‌ನ ವಾರ್ಡಿನಲ್ಲಿ ವೈದ್ಯರು ಎದುರಿಸಿದ ಪ್ರಶ್ನೆಯೇ ಅವತ್ತು ನಮ್ಮ ಮುಂದೆಯೂ ಇತ್ತು: ನೋಡೋಕೆ ಒಂದು ಥರ, ರಕ್ತದಲ್ಲಿ ಇನ್ನೊಂದು ಥರ.

ಈಗ ಮೂರನೆಯದಕ್ಕೆ ಬರೋಣ, ಆ ಹುಡುಗಿಯ ಕೈಗೆ. ಅಪಧಮನಿಗೆ ಹಾಕಿದ ಸೂಜಿ ಟೊಳ್ಳು, ಒಳಗೆ ತಾಜಾ ರಕ್ತ. ಅದು ತೆಗೆದವರ ಬೆರಳಿಗೆ ಚುಚ್ಚಿದರೆ ರೋಗಿಯ ಸೋಂಕು ನೇರ ಅವರೊಳಗೆ. ಹೆಪಟೈಟಿಸ್ ಬಿ ಆಸ್ಪತ್ರೆ ಕೆಲಸದವರ ಕಾಯಿಲೆ ಅಂತ ಮೊದಲಿಂದಲೂ ಗೊತ್ತಿತ್ತು. ಆದರೂ ದಶಕಗಳ ಕಾಲ ರೂಢಿಯಲ್ಲಿ ಇದ್ದದ್ದು, ರಕ್ತ ತೆಗೆದ ಮೇಲೆ ಸೂಜಿಗೆ ಮತ್ತೆ ಮುಚ್ಚಳ ಹಾಕೋದು. ಅಚ್ಚುಕಟ್ಟು ಅನ್ನೋ ಹೆಸರಲ್ಲಿ ಕಲಿಸುತ್ತಿದ್ದ ಅಭ್ಯಾಸ. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಬೆರಳಿನಷ್ಟು ಅಗಲದ ಮುಚ್ಚಳ, ಸುಸ್ತಾದ ಕಣ್ಣು. ಗುರಿ ತಪ್ಪೋಕೆ ಇನ್ನೇನು ಬೇಕು?

1984ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು. ಇಂಗ್ಲೆಂಡಿನ ನರ್ಸ್ ಒಬ್ಬರು ಏಡ್ಸ್ ರೋಗಿಯ ಅಪಧಮನಿಯ ಕೊಳವೆಯಿಂದ ತೆಗೆದ ರಕ್ತವಿದ್ದ ಸಿರಿಂಜಿನ ಸೂಜಿಗೆ ಮುಚ್ಚಳ ಹಾಕುವಾಗ ಬೆರಳಿಗೆ ಚುಚ್ಚಿಕೊಂಡಿದ್ದರು. ಆ ಒಂದು ಚುಚ್ಚಿನಿಂದ ಅವರಿಗೆ ಸೋಂಕು ತಗುಲಿತ್ತು. ಸೂಜಿ ಚುಚ್ಚಿ ಆ ಸೋಂಕು ಬಂದದ್ದು ವರದಿಯಾದದ್ದು ಅದೇ ಮೊದಲು. ಅಲ್ಲಿಂದ ಗಾಳಿ ಬದಲಾಯಿತು. 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಲ್ಲ ರೋಗಿಗಳ ರಕ್ತವನ್ನೂ ಸೋಂಕಿರುವ ರಕ್ತವೆಂದೇ ಭಾವಿಸಿ, ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ ಅಂತ ಹೇಳಿತು. 1997ರಲ್ಲಿ ಬಂದ ಅಧ್ಯಯನವೊಂದು ಯಾವ ಚುಚ್ಚು ಹೆಚ್ಚು ಅಪಾಯ ಅಂತ ಲೆಕ್ಕ ಹಾಕಿತು: ಆಳವಾದದ್ದು, ಮೇಲೆ ರಕ್ತ ಕಾಣುವಂಥದ್ದು, ರಕ್ತನಾಳದೊಳಗೆ ಹೋಗಿ ಬಂದ ಸೂಜಿಯದ್ದು. ಎಬಿಜಿ ಸೂಜಿಗೆ ಇದರಲ್ಲಿ ಯಾವುದು ಅನ್ವಯಿಸೋದಿಲ್ಲ ಹೇಳಿ?

ಅಂಕಿಗಳನ್ನೂ ಹೇಳಿಬಿಡ್ತೀನಿ. ಸೋಂಕಿರುವ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಹೆಪಟೈಟಿಸ್ ಸಿ ನೂರಕ್ಕೆ ಸುಮಾರು 2. ಹೆಪಟೈಟಿಸ್ ಬಿ, ಲಸಿಕೆ ಹಾಕಿಸಿಕೊಳ್ಳದವರಿಗೆ, ನೂರಕ್ಕೆ 30ರವರೆಗೂ ಹೋಗಬಹುದು. ನಾವು ಹೆಚ್ಚು ಹೆದರೋದು ಮೊದಲನೆಯದಕ್ಕೆ. ಹೆಚ್ಚು ಹರಡೋದು ಕೊನೆಯದು, ಅದಕ್ಕೆ 1980ರ ದಶಕದ ಆರಂಭದಿಂದಲೂ ಲಸಿಕೆ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ರಕ್ತ ತೆಗೆಯುವ ಕ್ರಮದ ಮಾರ್ಗಸೂಚಿ ತಂದಾಗ ಅಪಧಮನಿ ರಕ್ತಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿತು. ಕೈ ತೊಳೆಯೋದು, ಗ್ಲೌಸ್, ಸೂಜಿಯನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿಯೋದು, ಆಮೇಲೆ ಒತ್ತಿ ಹಿಡಿಯೋದು, ಗುಳ್ಳೆ ತೆಗೆಯೋದು, ಸೂಜಿಯನ್ನು ಚೂಪಾದವುಗಳ ಡಬ್ಬಕ್ಕೆ ಹಾಕೋದು. ನಮ್ಮಲ್ಲಿ 1998ರಲ್ಲೇ ಆಸ್ಪತ್ರೆ ತ್ಯಾಜ್ಯದ ನಿಯಮ ಬಂತು, 2016ರಲ್ಲಿ ಹೊಸದಾಯಿತು. ವಾರ್ಡಿನಲ್ಲಿ ಬಿಳಿ ಬಣ್ಣದ ಗಟ್ಟಿ ಡಬ್ಬ ನೋಡಿರ್ತೀರಿ. ಸೂಜಿ, ಬ್ಲೇಡುಗಳಿಗೆ ಅದು. ಆ ಡಬ್ಬ ಕೈಗೆಟಕುವಷ್ಟು ಹತ್ತಿರ ಇದ್ದರೆ ಮುಚ್ಚಳ ಹಾಕುವ ಗೋಜೇ ಬೇಡ. ವಾರ್ಡಿನ ಇನ್ನೊಂದು ತುದಿಯಲ್ಲಿದ್ದರೆ ನಿಯಮ ಗೋಡೆ ಮೇಲೇ ಉಳಿಯುತ್ತೆ. ಸುರಕ್ಷತೆ ಅನ್ನೋದು ಆ ಕ್ಷಣದ ಎಚ್ಚರಕ್ಕಿಂತ ಹೆಚ್ಚಾಗಿ ಡಬ್ಬ ಎಲ್ಲಿದೆ, ಪಾಳಿ ಎಷ್ಟು ಗಂಟೆಯದು ಅನ್ನೋದರಲ್ಲಿದೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಂದ ಮೇಲೂ ಈ ಸೂಜಿ ಯಾಕೆ ಬೇಕು ಅಂತ ಕೇಳಬಹುದು. ಕೋವಿಡ್ ಕಾಲದಲ್ಲಿ ನಮ್ಮೂರ ಆಶಾ ಕಾರ್ಯಕರ್ತೆಯ ಚೀಲದಲ್ಲೂ ಒಂದಿತ್ತು. ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ 1970ರ ದಶಕದಲ್ಲಿ ಇದರ ತತ್ವ ಕಂಡುಕೊಂಡ. ಅವನು ಅಳೆಯೋಕೆ ಹೊರಟದ್ದು ಬೇರೇನನ್ನೋ. ನಾಡಿಯ ಮಿಡಿತ ನಡುವೆ ಬಂದು ತೊಂದರೆ ಕೊಡುತ್ತಿತ್ತು. ಆ ತೊಂದರೆಯೇ ಅಪಧಮನಿ ರಕ್ತದ ಗುರುತು ಅಂತ ಅವನಿಗೆ ಹೊಳೆಯಿತು. ಎಷ್ಟೋ ಮಣಿಕಟ್ಟುಗಳನ್ನು ಚುಚ್ಚಿನಿಂದ ಉಳಿಸಿದ ಉಪಕಾರ ಅದು. ಆದರೆ ಅದು ಇಂಗಾಲದ ಡೈಆಕ್ಸೈಡ್ ಹೇಳೋದಿಲ್ಲ. ಇನ್ನೊಂದು ಮಾತು 2020ರ ಕೊನೆಗೆ ಅಮೆರಿಕದಿಂದ ಬಂತು. ಆಕ್ಸಿಮೀಟರ್ 92ರಿಂದ 96 ತೋರಿಸುವಾಗಲೂ ಅಪಧಮನಿ ರಕ್ತದಲ್ಲಿ 88ಕ್ಕಿಂತ ಕಮ್ಮಿ ಇದ್ದ ಸಂದರ್ಭಗಳು ಬಿಳಿಯರಲ್ಲಿ ನೂರಕ್ಕೆ ಸುಮಾರು 4, ಕಪ್ಪು ವರ್ಣೀಯರಲ್ಲಿ ಸುಮಾರು 12. ಬೆಳಕಿನಿಂದ ಅಳೆಯುವ ಯಂತ್ರಕ್ಕೆ ಚರ್ಮದ ಬಣ್ಣ ಅಡ್ಡ ಬರುತ್ತೆ. ನಮ್ಮಂಥ ಬಣ್ಣದವರಿಗೆ ಇದು ಬೇರೆಯವರ ಸುದ್ದಿಯಲ್ಲ. ಆ ತಪ್ಪು ಗೊತ್ತಾದದ್ದು ಹೇಗೆ? ಮಣಿಕಟ್ಟಿನಿಂದ ತೆಗೆದ ರಕ್ತದ ಜೊತೆ ಹೋಲಿಸಿದ್ದರಿಂದ. ಹೀಗಾಗಿ ಈ ಸೂಜಿ ಇನ್ನೂ ಬಹಳ ವರ್ಷ ಇರುತ್ತೆ.

ಓದಿದವರಿಗೆ ನನ್ನ ಕಡೆಯಿಂದ ಎರಡೇ ವಿನಂತಿ. ನಿಮ್ಮವರಿಗೆ ಎಬಿಜಿ ತೆಗೆದು ‘ಐದು ನಿಮಿಷ ಒತ್ತಿ’ ಅಂದರೆ ಗಡಿಯಾರ ನೋಡಿಕೊಂಡೇ ಒತ್ತಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ ಅದನ್ನು ಚುಚ್ಚುವ ಮೊದಲೇ ಹೇಳಿ, ಇನ್ನೂ ಹೆಚ್ಚು ಹೊತ್ತು ಒತ್ತಿ. ಎರಡನೆಯದು, ನಮ್ಮ ಹಳ್ಳಿಗಳಿಂದ ಈಗ ಮನೆಗೊಬ್ಬರಂತೆ ಮಕ್ಕಳು ನರ್ಸಿಂಗು, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಹೋಗ್ತಿದ್ದಾರೆ. ಹಬ್ಬಕ್ಕೆ ಮನೆಗೆ ಬಂದಾಗ ಸಂಬಳ ಎಷ್ಟು, ಮದುವೆ ಯಾವಾಗ ಅಂತ ಕೇಳೋ ಮೊದಲು ಇಷ್ಟು ಕೇಳಿ: ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಯ್ತಾ? ಮೊದಲನೆಯದು, ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸೂಜಿ ಚುಚ್ಚಿದರೆ ಬೈತಾರೆ ಅಂತ ಮುಚ್ಚಿಡಬೇಡ, ತಕ್ಷಣ ನೀರು ಸೋಪಲ್ಲಿ ತೊಳೆದು ಹೋಗಿ ಹೇಳು, ಎಚ್‌ಐವಿಗೆ ತಡೆ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು ಅಂತ ಹೇಳಿಕೊಡಿ. ಹೇಲ್ಸ್‌ನಿಂದ ಹಿಡಿದು ಇವತ್ತಿನವರೆಗೆ ಈ ಸೂಜಿಯ ಕಥೆಯಲ್ಲಿ ಕೊನೆಗೆ ನೆನಪಾದವರು ಈ ಮಕ್ಕಳೇ.